ಕೆರೆಯ ಅಂಚಿನ ಹಕ್ಕಿಗಳು

(ಅಂತಿಮ ಬಿ.ಎ. ವಿದ್ಯಾರ್ಥಿ)

ಪಕ್ಷಿವೀಕ್ಷಣೆ ಎಂದೊಡನೆ ಅದು ಪ್ರಾಣಿಶಾಸ್ತ್ರ ಓದುವವರ ವಿಷಯವೆಂದೋ, ದುಬಾರಿ ಕ್ಯಾಮೆರಾವನ್ನು ಕೊರಳಿಗೆ ತೂಗಿಕೊಂಡು ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿಯುವವರ ಹವ್ಯಾಸವೆಂದೋ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾನು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿ. ಈ ವಿಷಯವನ್ನು ಕುರಿತು ಬರೆಯಲು ನನಗಿರುವ ಅರ್ಹತೆಯೆಂದರೆ, ಮೂರು ವರ್ಷಗಳಿಂದ ಕೆರೆಯ ದಡದಲ್ಲಿ ನಡೆದಾಡಿದ್ದು, ಕಂಡದ್ದನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟದ್ದು, ಇಷ್ಟೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಬಸ್ಸಿನಲ್ಲಿ ಬಂದು ಈ ಕಾಲೇಜಿನಲ್ಲಿ ಕಲಿಯುವ ನಮ್ಮೊಳಗೆ ದಿನಕ್ಕೆ ಒಂದು ಕೆರೆಯನ್ನಾದರೂ ಹಾದುಬರದವರು ಯಾರೂ ಇರಲಾರರು. ಆದ್ದರಿಂದ ಈ ಅಧ್ಯಯನಕ್ಕೆ ಬೇಕಾದ ಪ್ರಯೋಗಶಾಲೆ ನಮ್ಮೆಲ್ಲರ ಊರಿನಲ್ಲಿಯೂ ಇದೆ. ಅದರ ಬಾಗಿಲಿಗೆ ಬೀಗವೂ ಇಲ್ಲ, ಶುಲ್ಕವೂ ಇಲ್ಲ.

ನಮ್ಮದು ಹೊಳೆಯಿಲ್ಲದ ಸೀಮೆ. ಪಾಲಾರ್, ದಕ್ಷಿಣ ಪಿನಾಕಿನಿ ಎಂದು ಹೇಳಿಕೊಳ್ಳುವುದಕ್ಕೆ ನದಿಗಳಿವೆಯೇ ಹೊರತು ವರ್ಷವಿಡೀ ಹರಿಯುವ ನೀರು ಅವುಗಳಲ್ಲಿ ಇಲ್ಲ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಹಿಡಿದಿಟ್ಟುಕೊಳ್ಳಲು ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಏರಿಗಳನ್ನು ಹಾಕಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಮುಂದಿನ ಊರಿನ ಕೆರೆಗೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೂ ನಮ್ಮ ಜಿಲ್ಲೆಯ ಪಾಲಿಗೆ 2000ಕ್ಕೂ ಹೆಚ್ಚು ಕೆರೆಗಳು ಉಳಿದಿವೆ. ಇವು ಯಾವುವೂ ಪ್ರಕೃತಿ ತಾನಾಗಿ ಮಾಡಿದ ಸರೋವರಗಳಲ್ಲ. ಬತ್ತ, ರಾಗಿ ಬೆಳೆಯುವುದಕ್ಕೆಂದು ಮಣ್ಣು ಹೊತ್ತು ಮನುಷ್ಯರು ಕಟ್ಟಿದವು. ಆದರೂ ನಮ್ಮ ಸೀಮೆಯಲ್ಲಿ ನೀರುಹಕ್ಕಿಗೆ ಬೇರೆ ಆಶ್ರಯವಿಲ್ಲ. ರೈತನಿಗಾಗಿ ಕಟ್ಟಿದ್ದನ್ನೇ ಹಕ್ಕಿಗಳು ತಮ್ಮದನ್ನಾಗಿ ಮಾಡಿಕೊಂಡಿವೆ. ಈ ಸಂಗತಿ ನನಗೆ ಇತಿಹಾಸದ ಪಾಠಗಳಲ್ಲಿ ಬರುವ ಎಷ್ಟೋ ದಾನಶಾಸನಗಳಿಗಿಂತ ಸ್ವಾರಸ್ಯವಾಗಿ ಕಾಣುತ್ತದೆ.

ಕೆರೆಗೆ ಅಂಗಾಂಗಗಳಿವೆ. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ ಏರಿ. ಗದ್ದೆಗೆ ನೀರು ಬಿಡುವ ಬಾಯಿ ತೂಬು. ಹೆಚ್ಚಾದ ನೀರು ಹೊರಬೀಳುವ ಜಾಗ ಕೋಡಿ. ನೀರು ನಿಲ್ಲುವ ನೆಲವೆಲ್ಲ ಅಂಗಳ. ಏರಿಯ ಬುಡದಲ್ಲಿ, ತೂಬಿನ ಹತ್ತಿರ, ನೀರು ಅತಿ ಆಳ. ಅಲ್ಲಿಂದ ಮಳೆನೀರು ಹರಿದುಬರುವ ದಿಕ್ಕಿಗೆ ಹೋದಂತೆಲ್ಲ ಆಳ ಕಡಿಮೆಯಾಗುತ್ತ, ಸೊಂಟದುದ್ದ, ಮೊಣಕಾಲುದ್ದ, ಗೇಣುದ್ದವಾಗಿ, ಕೊನೆಗೆ ನೀರು ಎಲ್ಲಿ ಮುಗಿಯಿತು ನೆಲ ಎಲ್ಲಿ ಮೊದಲಾಯಿತು ಎಂದು ಹೇಳಲಾಗದಂಥ ಒಂದು ತೆಳುವಾದ ಅಂಚು ಬರುತ್ತದೆ. ಓದುಗರು ಈ ಅಂಚನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಈ ಅಂಚಿನ ಕಡೆ ನನ್ನ ಗಮನ ಸೆಳೆದವರು ನನ್ನ ತಾತ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಾತ ಶಾಲೆಯ ಮುಖ ಕಂಡವರಲ್ಲ. ಮುಳಬಾಗಿಲು ತಾಲ್ಲೂಕಿನ ನಮ್ಮೂರ ಕೆರೆಗೆ ಅವರು ನೀರಗಂಟಿಯಾಗಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. ಅದಕ್ಕೆ ಪ್ರತಿಫಲ ಸುಗ್ಗಿಯಲ್ಲಿ ರೈತರು ಅಳೆದುಕೊಡುತ್ತಿದ್ದ ಕಾಳು. ಕೊಳವೆಬಾವಿಗಳು ಬಂದು, ಕೆರೆಗಳು ಬತ್ತಿ, ಆ ಕೆಲಸ ತಾನಾಗಿಯೇ ನಿಂತುಹೋಯಿತು. ಕೆರೆಯಲ್ಲಿ ಉಳಿದ ನೀರನ್ನು ಹೇಗೆ ಅಂದಾಜು ಮಾಡುತ್ತಿದ್ದಿರಿ ಎಂದು ನಾನು ಒಮ್ಮೆ ಕೇಳಿದೆ. ಅವರು ಕೆಂಪು ಕಾಲಿನ ಹಕ್ಕಿಯ ಮಾತೆತ್ತಿದರು. "ಅದರ ಕಾಲು ಎಲ್ಲೀವರೆಗೂ ಮುಳುಗೈತೆ, ಯಾವ ಜಾಗದಾಗ ನಿಂತೈತೆ ನೋಡ್ಕೊಂಡ್ರೆ ಸಾಕು ಕಣಪ್ಪ. ಕೋಲು ಹಾಕೋ ಕೆಲಸವೇ ಇಲ್ಲ. ಅದು ನಡುಗೆರೆಗೆ ಬಂದು ನಿಂತಿತು ಅಂದ್ರೆ ತೂಬು ಮುಚ್ಚೋ ಕಾಲ ಬಂತು ಅಂತ." ಅವರು ಹೇಳಿದ ಹಕ್ಕಿಗೆ ಪುಸ್ತಕದಲ್ಲಿ ಮೆಟ್ಟುಗಾಲು ಹಕ್ಕಿ ಎಂದು ಹೆಸರು. ಬಿಳಿ ಮೈ, ಕರಿ ರೆಕ್ಕೆ, ಸೂಜಿಯಂಥ ಕೊಕ್ಕು, ಗೇಣುದ್ದದ ನಸುಗೆಂಪು ಕಾಲು. ಆ ಕಾಲು ಎಟುಕುವಷ್ಟು ನೀರಿನಲ್ಲಿ ಮಾತ್ರ ಅದು ಮೇಯಬಲ್ಲುದು. ಅಂದರೆ ಹಕ್ಕಿಯ ಕಾಲೇ ನೀರಿನ ಅಳತೆಗೋಲು. ಯಾವ ಪ್ರಾಣಿಶಾಸ್ತ್ರದ ಸಹಾಯವೂ ಇಲ್ಲದೆ ತಾತ ಕಂಡುಕೊಂಡಿದ್ದ ಈ ತತ್ತ್ವವನ್ನು ಹಿಡಿದುಕೊಂಡೇ ಕೆರೆಯ ಹಕ್ಕಿಗಳನ್ನೆಲ್ಲ ಓದಬಹುದು ಎಂದು ನನಗೆ ಅನಂತರ ತಿಳಿಯಿತು.

ಆಳದಿಂದಲೇ ಆರಂಭಿಸೋಣ. ತೂಬಿನ ಹತ್ತಿರದ ತಿಳಿನೀರಿನಲ್ಲಿ ಮುಳುಗುವ ಹಕ್ಕಿಗಳ ರಾಜ್ಯ. ಮುಷ್ಟಿಗಾತ್ರದ ಕಂದುಹಕ್ಕಿಯೊಂದು ಕಣ್ಣೆದುರಿಗೇ ಮಾಯವಾಗಿ ಹತ್ತು ಮಾರು ದೂರದಲ್ಲಿ ಎದ್ದರೆ ಅದು ಗುಳುಮುಳುಕ. ನೀರಿನ ಸಸ್ಯಗಳನ್ನು ರಾಶಿಹಾಕಿ ಅದು ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕೊಳೆತ ಸೊಪ್ಪನ್ನು ಎಳೆದು ಮುಚ್ಚುತ್ತದೆ. ನೀರುಕಾಗೆಯೂ ಹಾವಕ್ಕಿಯೂ ನೀರಿನೊಳಗೆ ಮೀನನ್ನು ಬೆನ್ನಟ್ಟಿ ಹಿಡಿಯುವುವು. ಹಾವಕ್ಕಿ ಈಜುವಾಗ ಮೈಯೆಲ್ಲ ಮುಳುಗಿ ಕೊರಳು ಮಾತ್ರ ಹಾವಿನಂತೆ ಮೇಲೆ ಕಾಣುವುದರಿಂದ ಆ ಹೆಸರು. ಇವೆರಡರ ಗರಿಯೂ ನೀರಿನಲ್ಲಿ ನೆನೆಯುತ್ತದೆ. ನೆನೆದರೆ ಮೈ ಹಗುರ ಕಳೆದುಕೊಂಡು ಮುಳುಗುವುದು ಸುಲಭ. ಆದರೆ ಅದಕ್ಕೆ ತೆರಬೇಕಾದ ಬೆಲೆಯೆಂದರೆ ಬೇಟೆ ಮುಗಿದ ಮೇಲೆ ಬಂಡೆಯ ಮೇಲೋ ಜಾಲಿಯ ಒಣಕೊಂಬೆಯ ಮೇಲೋ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಒಡ್ಡಿಕೊಂಡು ಕೂರುವುದು. ಮೈ ಕಪ್ಪಾಗಿ ಹಣೆಯ ಮೇಲೆ ಬಿಳಿಯ ನಾಮವಿಟ್ಟುಕೊಂಡಂತಿರುವ ನಾಮದಕೋಳಿಗಳು ಗುಂಪುಗುಂಪಾಗಿ ಇರುತ್ತವೆ. ಹಾರಬೇಕಾದರೆ ಅವು ನೀರಿನ ಮೇಲೆ ಪಟಪಟನೆ ಓಡಿಯೇ ಏಳಬೇಕು. ನಮ್ಮ ಬಸ್ ನಿಲ್ದಾಣದಲ್ಲಿ ಹೊರಟ ಬಸ್ಸನ್ನು ಹಿಡಿಯುವವರ ಓಟ ನೋಡಿದವರಿಗೆ ಅದನ್ನು ಬೇರೆ ವರ್ಣಿಸಬೇಕಾಗಿಲ್ಲ.

ಎಲೆ ತೇಲುವ ಕಡೆಯಲ್ಲಿ ದೇವನಕ್ಕಿ. ಅದರ ಬೆರಳುಗಳು ಎಷ್ಟು ಉದ್ದವೆಂದರೆ ಮೈಭಾರವೆಲ್ಲ ಹರಡಿಹೋಗಿ ತಾವರೆ ಎಲೆಯ ಮೇಲೆ ನೆಲದ ಮೇಲೆ ನಡೆದಂತೆ ನಡೆಯುತ್ತದೆ. ಈ ಹಕ್ಕಿಯ ಸಂಸಾರ ವಿಚಿತ್ರವಾದುದು. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಹುಡುಕಿ ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ. ಜೊಂಡು ಬೆಳೆದ ಕಡೆಯಲ್ಲಿ ನೇರಳೆ ಜಂಬುಕೋಳಿ, ಬಿಳಿ ಎದೆಯ ಹುಂಡುಕೋಳಿ. ಇವನ್ನು ಹೆಚ್ಚು ವಿವರಿಸುವುದಿಲ್ಲ. ಹುಂಡುಕೋಳಿಯ ಕೂಗನ್ನು ಮಳೆಗಾಲದ ರಾತ್ರಿ ಕೇಳದ ಹಳ್ಳಿಯವರು ಇಲ್ಲ.

ಅಲ್ಲಿಂದ ಮುಂದಕ್ಕೆ ಮೊಣಕಾಲುದ್ದದ ನೀರು. ಇಲ್ಲಿ ನಿಂತು ಮೇಯುವ ಹಕ್ಕಿಗಳನ್ನು ಒಂದು ಗಂಟೆ ಸುಮ್ಮನೆ ಕುಳಿತು ನೋಡಿದರೆ ಕೊಕ್ಕು ಎಂಬುದು ಎಷ್ಟು ಬಗೆಯ ಉಪಕರಣವಾಗಬಲ್ಲುದು ಎಂದು ಆಶ್ಚರ್ಯವಾಗುತ್ತದೆ. ಬಣ್ಣದ ಕೊಕ್ಕರೆ ತನ್ನ ಹಳದಿ ಕೊಕ್ಕನ್ನು ಅರೆ ತೆರೆದು ಕಲಕುನೀರಿನಲ್ಲಿ ಆಡಿಸುತ್ತ ನಡೆಯುತ್ತದೆ. ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕೊಕ್ಕಿಗೆ ತಗುಲಿದೊಡನೆ ಮುಚ್ಚಿ ಹಿಡಿಯುತ್ತದೆ. ಚಮಚ ಕೊಕ್ಕಿನ ಕೊಕ್ಕರೆ ಬತ್ತ ತೂರುವವರಂತೆ ಎಡಕ್ಕೂ ಬಲಕ್ಕೂ ಕೊಕ್ಕು ಬೀಸುತ್ತ ನೀರನ್ನು ಸೋಸುತ್ತದೆ. ಬಾಯ್ಕಳಕಕ್ಕೆ ಮೇಲುಕೊಕ್ಕಿಗೂ ಕೆಳಕೊಕ್ಕಿಗೂ ನಡುವೆ ಸಂದು ಉಳಿದಿರುತ್ತದೆ. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವುದು ಅದರ ಕಸುಬು. ಎಳೆಯ ಹಕ್ಕಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಬರುತ್ತದೆ. ಬಾಗಿದ ಕೊಕ್ಕಿನ ಕೆಂಬರಲು ಕೆಸರಿನೊಳಗೆ ಚುಚ್ಚಿ ಹುಡುಕುತ್ತದೆ. ಮೇಲೆ ಹೇಳಿದ ಮೆಟ್ಟುಗಾಲು ಹಕ್ಕಿಗಳು ಇವುಗಳ ಕಾಲ ಸಂದಿಯಲ್ಲಿ ಓಡಾಡುತ್ತ ಹುಳಹುಪ್ಪಟೆಗಳನ್ನು ಹೆಕ್ಕುತ್ತವೆ.

ಇನ್ನು ನಮ್ಮ ಬೆಳ್ಳಕ್ಕಿ. ತೆಲುಗು ಮಾತನಾಡುವ ಮನೆಗಳಲ್ಲಿ ಇದಕ್ಕೆ ಕೊಂಗ ಎನ್ನುತ್ತಾರೆ. ಆದರೆ ಬೆಳ್ಳಕ್ಕಿ ಎಂದು ನಾವು ಕರೆಯುವುದು ಒಂದು ಹಕ್ಕಿಯನ್ನಲ್ಲ. ಎಮ್ಮೆಯ ಬೆನ್ನ ಹಿಂದೆ ನಡೆಯುವ ಗಿಡ್ಡ ಕೊರಳಿನ, ಹಳದಿ ಕೊಕ್ಕಿನ ಹಕ್ಕಿ ಒಂದು. ಮರಿ ಮಾಡುವ ಕಾಲದಲ್ಲಿ ಅದರ ತಲೆಯೂ ಎದೆಯೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಅರಿಸಿನ ಮೆತ್ತಿದಂತೆ ಹಳದಿಯಾಗಿರುವುದು ಚಿಕ್ಕ ಬೆಳ್ಳಕ್ಕಿ. ಎಲ್ಲಕ್ಕಿಂತ ಎತ್ತರವಾಗಿ, ಕೊರಳು ನಡುವೆ ಮುರಿದು ಜೋಡಿಸಿದಂತೆ ಕಾಣುವುದು ದೊಡ್ಡ ಬೆಳ್ಳಕ್ಕಿ. ಇದರ ಬಾಯಿಯ ಗೆರೆ ಕಣ್ಣಿನ ಹಿಂದಕ್ಕೂ ಹೋಗುತ್ತದೆ. ಇವುಗಳ ನಡುವಿನ ಗಾತ್ರದ್ದು ಇನ್ನೊಂದು. ಇವನ್ನು ಬೇರೆಬೇರೆಯಾಗಿ ಗುರುತಿಸುವುದೇ ಹೊಸಬರಿಗೆ ಒಳ್ಳೆಯ ಮೊದಲ ಪಾಠವೆಂದು ನನ್ನ ಅಭಿಪ್ರಾಯ. ಇತಿಹಾಸದ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಮಾತು. ಮರಿ ಮಾಡುವ ಕಾಲದಲ್ಲಿ ಇವುಗಳ ಬೆನ್ನಿನ ಮೇಲೆ ಬೆಳೆಯುವ ಜಾಲರಿಯಂಥ ಗರಿಗಳಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಕ್ಷಾಂತರ ಹಕ್ಕಿಗಳನ್ನು ಕೊಂದರು. ಯೂರೋಪಿನ ಹೆಂಗಸರ ಟೋಪಿಗಳಿಗೆ ಆ ಗರಿಯ ಅಲಂಕಾರ! 1902ರಲ್ಲಿ ಭಾರತದಿಂದ ಹಕ್ಕಿಗರಿಗಳ ರಫ್ತು ನಿಷೇಧವಾಯಿತು. ಬ್ರಿಟನ್ ಆಮದನ್ನು ತಡೆಯುವ ಕಾನೂನು ಮಾಡಿದ್ದು 1921ರಲ್ಲಿ.

ಈಗ ಅಂಚಿಗೆ ಬರೋಣ. ಹಿಂದಿನ ವಾರ ನೀರಿದ್ದು ಈ ವಾರ ಒದ್ದೆ ಕೆಸರಾಗಿರುವ ನೆಲ ಇದು. ನೋಡುವುದಕ್ಕೆ ಏನೂ ಇಲ್ಲದ ಜಾಗ. ದಾಟಿಕೊಂಡು ಹೋಗಲು ಚಪ್ಪಲಿಗೂ ಕಷ್ಟ. ಆದರೆ ಹುಳುಗಳೂ ಎಳೆಯ ಕ್ರಿಮಿಗಳೂ ಇಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಸೆಪ್ಟೆಂಬರು ಕಳೆಯುತ್ತಲೇ ಉತ್ತರದಿಂದ ಬರುವ ಗೊರವಗಳೂ ಬಾಲ ಕುಣಿಸುವ ಕುಂಡೆಕುಸ್ಕಗಳೂ ಇಳಿಯುವುದು ಇಲ್ಲಿಗೆ. ಇವುಗಳಲ್ಲಿ ಸ್ಟಿಂಟ್ ಎಂಬುದು ಗುಬ್ಬಿಗಿಂತ ದೊಡ್ಡದಲ್ಲ. ಉತ್ತರ ಧ್ರುವದ ಸಮೀಪದ ಮರವಿಲ್ಲದ ಬಯಲಿನಲ್ಲಿ ಹುಟ್ಟಿ, ಚಳಿಗಾಲಕ್ಕೆ ಸಾವಿರಾರು ಮೈಲಿ ಹಾರಿ ಬಂದು, ನಮ್ಮೂರ ಕೆರೆಯ ಕೆಸರಿನಲ್ಲಿ ಹುಳು ಹೆಕ್ಕುತ್ತದೆ. ಬೇಸಿಗೆ ಕಾಲಿಡುವಾಗ ಮತ್ತೆ ಅಷ್ಟೇ ದೂರ ಹಿಂದಿರುಗುತ್ತದೆ. ಅದರ ಕಾಲು ಹೆಬ್ಬೆರಳಿನಷ್ಟೂ ಉದ್ದವಿಲ್ಲ. ತಾತನ ಅಳತೆಗೋಲಿನ ಪ್ರಕಾರ ಅದಕ್ಕೆ ಬೇಕಾದ ನೀರೆಷ್ಟು ಎಂಬುದನ್ನು ಓದುಗರೇ ಊಹಿಸಬಹುದು.

ಕೆಸರೂ ಒಣಗಿ ಬಿರುಕುಬಿಟ್ಟ ನೆಲದಲ್ಲಿ ಟಿಟ್ಟಿಭ. ತೆಲುಗಿನಲ್ಲಿ ಇದು ತೀತುವು. ರಾತ್ರಿ ಕೂಗಿದರೆ ಅಪಶಕುನವೆಂದು ನಂಬುವವರು ಇಂದಿಗೂ ಇದ್ದಾರೆ. ಗೂಡೆಂದು ಹೇಳುವುದಕ್ಕೆ ಏನೂ ಇಲ್ಲ. ನೆಲದಲ್ಲಿ ಒಂದು ಗುಳಿ, ಸುತ್ತ ನಾಲ್ಕು ಕಲ್ಲುಚೂರು, ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆಯ ಬಣ್ಣ ನೆಲದ ಬಣ್ಣವೇ. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಾಯಿಹಕ್ಕಿ ಕಾವು ಕೊಡುವುದಕ್ಕಿಂತ ನೆರಳು ಕೊಡಲು ಕೂರುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದೂ ಉಂಟು.

ಹಕ್ಕಿ ನೋಡುವ ಕ್ರಮವನ್ನು ಕುರಿತು ಎರಡು ಮಾತು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರ ತನಕ ಅತ್ಯುತ್ತಮ ಕಾಲ. ಸೂರ್ಯ ನಮ್ಮ ಬೆನ್ನಿಗಿರುವ ದಡವನ್ನು ಆರಿಸಿಕೊಳ್ಳಬೇಕು. ಎದುರುಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು. ಏರಿಯ ನೆತ್ತಿಯ ಮೇಲೆ ನಡೆದರೆ ಆಕಾಶದ ಹಿನ್ನೆಲೆಯಲ್ಲಿ ನಾವು ಕೆರೆಗೆಲ್ಲ ಕಾಣುತ್ತೇವೆ. ಅದಕ್ಕಿಂತ ನೀರಿನ ಮಗ್ಗುಲಿನ ಕಲ್ಲುಕಟ್ಟಿನ ಮೇಲೆ ಇಳಿದು ಕುಳಿತರೆ ಕಾಲು ಗಂಟೆಯಲ್ಲಿ ಹಕ್ಕಿಗಳು ನಮ್ಮನ್ನು ಮರೆಯುತ್ತವೆ. ಮಾತು ಬೇಡ, ಮೊಬೈಲಿನ ಹಾಡು ಬೇಡವೇ ಬೇಡ. ನೋಟು ಪುಸ್ತಕದಲ್ಲಿ ತಾರೀಖು, ಹೊತ್ತು, ಹಕ್ಕಿ, ಸಂಖ್ಯೆ ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನಾನು ಸೇರಿಸಬೇಕೆನ್ನುವುದು ಇನ್ನೊಂದು ಅಂಕಣ: ಹಕ್ಕಿ ನಿಂತಿದ್ದ ಜಾಗ. ಆಳದಲ್ಲೋ, ಮೊಣಕಾಲುದ್ದದಲ್ಲೋ, ಕೆಸರಿನಲ್ಲೋ, ಒಣನೆಲದಲ್ಲೋ? ಈ ಒಂದು ಪದ ಬರೆಯದಿದ್ದರೆ ಉಳಿದ ಪಟ್ಟಿಯೆಲ್ಲ ಹಾಜರಿ ಪುಸ್ತಕವಾಗುತ್ತದೆ.

ಚಿತ್ರ ತೆಗೆಯುವ ವಿಚಾರ. ನನ್ನಲ್ಲಿ ಸ್ವಂತ ಕ್ಯಾಮೆರಾ ಇಲ್ಲ. ಮದುವೆಯ ಚಿತ್ರ ತೆಗೆಯುವ ಸ್ಟುಡಿಯೋ ಒಂದರಲ್ಲಿ ರಜಾದಿನಗಳಲ್ಲಿ ದೀಪ ಹಿಡಿಯುವ ಕೆಲಸ ಮಾಡುತ್ತೇನೆ. ಅದರ ಮಾಲೀಕರಾದ ಅಣ್ಣ ಕೆಲಸವಿಲ್ಲದ ದಿನ ಕ್ಯಾಮೆರಾ ಕೊಡುತ್ತಾರೆ. ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆಗಳು ನಡೆಯುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ತನಕ ಕ್ಯಾಮೆರಾ ಬೀರುವಿನಲ್ಲೇ ಇರುತ್ತದೆ. ಉತ್ತರದ ಹಕ್ಕಿಗಳು ಕೆರೆಯಲ್ಲಿ ತುಂಬಿರುವುದೂ ಅದೇ ತಿಂಗಳು! ಪಂಚಾಂಗ ಬರೆದವರು ನನ್ನಂಥವನನ್ನು ನೆನೆದುಕೊಂಡಿದ್ದರೋ ಏನೋ. ಅದರ ಲೆನ್ಸು 70ರಿಂದ 200 ಮಿಲಿಮೀಟರಿನದು. ವಧೂವರರಿಗೆ ಸಾಕು, ಹಕ್ಕಿಗೆ ಸಾಲದು. 600 ಮಿಲಿಮೀಟರಿನ ಲೆನ್ಸಿನವರಿಗೆ ಹಕ್ಕಿಯ ಕಣ್ಣಿನ ರೆಪ್ಪೆ ಸಿಗುತ್ತದೆ. ನನಗೆ ಸಿಗುವುದು ಚಿತ್ರದ ನಡುವೆ ಒಂದು ಚಿಕ್ಕ ಹಕ್ಕಿ, ಸುತ್ತಲೂ ಕೆರೆ. ಆದರೆ ಅಧ್ಯಯನಕ್ಕೆ ಇದೇ ಒಳ್ಳೆಯದು. ಹಕ್ಕಿ ಎಷ್ಟು ನೀರಿನಲ್ಲಿ ನಿಂತಿದೆ, ಅಂಚು ಎಲ್ಲಿದೆ, ಜೊಂಡು ಎಷ್ಟಿದೆ ಎಂಬುದೆಲ್ಲ ಚಿತ್ರದಲ್ಲಿ ಉಳಿಯುತ್ತದೆ. ಪ್ರತಿ ತಿಂಗಳೂ ಒಂದೇ ಕಲ್ಲಿನ ಮೇಲೆ ಕುಳಿತು ಒಂದೇ ದಿಕ್ಕಿಗೆ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟರೆ ನೀರು ಹಿಂದೆ ಸರಿದ ಚರಿತ್ರೆ ಕಾಣುತ್ತದೆ. ಕೂತ ಹಕ್ಕಿಗೆ ಹೇಗೋ ಸಾಗುತ್ತದೆ. ಹಾರುವ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 1000ದ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಇರಬೇಕು. ಕ್ಯಾಮೆರಾವನ್ನು ಆದಷ್ಟು ನೆಲಕ್ಕೆ ಇಳಿಸಿ ಹಿಡಿದರೆ ಹಕ್ಕಿಗೆ ಗೌರವ ಬರುತ್ತದೆ.

ನಮ್ಮ ನಾಡಿನಲ್ಲಿ ಈ ಕಲೆಗೆ ದೊಡ್ಡ ಪರಂಪರೆಯಿದೆ. 1939–40ರಲ್ಲಿ ಡಾ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಹಕ್ಕಿಯನ್ನು ನಿಶ್ಚಯವಾಗಿ ಗುರುತಿಸಬೇಕಾದರೆ ಬಂದೂಕಿನಿಂದ ಹೊಡೆದು ಚರ್ಮ ತೆಗೆದಿಡುವುದೇ ಪದ್ಧತಿಯಾಗಿತ್ತು. ಅವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ ಬಂದೂಕಿನ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲಂ ಕಾಲದಲ್ಲಿ ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ ಕಾದವರು. ಈಗ ಒಂದು ನಿಮಿಷಕ್ಕೆ ನೂರಾರು ಚಿತ್ರ ತೆಗೆಯಬಹುದು, ಕಾಯುವ ಅಗತ್ಯ ಕಡಿಮೆಯಾಗಿದೆ. ಇದು ನನಗೆ ಸಂಪೂರ್ಣ ಲಾಭವೆಂದು ತೋರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಹೊರಗಿನಿಂದ ಬಂದ ಕೆಲವರು ಟಿಟ್ಟಿಭದ ಮೊಟ್ಟೆಗಳ ಸುತ್ತ ನಿಂತು ಮುಕ್ಕಾಲು ಗಂಟೆ ಚಿತ್ರ ತೆಗೆದರು. ತಾಯಿಹಕ್ಕಿ ತಲೆಯ ಮೇಲೆ ಸುತ್ತುತ್ತ ಅರಚುತ್ತಿತ್ತು. ಏಪ್ರಿಲಿನ ಹನ್ನೊಂದು ಗಂಟೆಯ ಬಿಸಿಲಿಗೆ ಬಿಟ್ಟ ಮೊಟ್ಟೆ ಒಳಗೇ ಬೇಯುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲವೋ, ತಿಳಿದೂ ಬೇಡವಾಯಿತೋ! ಮೊಟ್ಟೆಗಳು ಒಡೆದು ಮರಿ ಬರಲಿಲ್ಲ. ಮೊಟ್ಟೆಗೂ ಗೂಡಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕಾಯಿದೆಯ ಮಾತು ಹಾಗಿರಲಿ, ಗೂಡಿನ ಚಿತ್ರವನ್ನು ತೆಗೆಯುವುದೇ ಇಲ್ಲವೆಂದು ನಿಶ್ಚಯಿಸಿಕೊಂಡವರಿಗೆ ಏನೂ ನಷ್ಟವಿಲ್ಲ.

ಇನ್ನು ಮುಖ್ಯ ವಿಷಯ. ನನ್ನ ಬಾಲ್ಯದಲ್ಲೆಲ್ಲ ನಮ್ಮೂರ ಕೆರೆಯೆಂದರೆ ಬಳ್ಳಾರಿ ಜಾಲಿ ಬೆಳೆದ, ನಾವು ಕ್ರಿಕೆಟ್ ಆಡುತ್ತಿದ್ದ ಬಯಲು. ಅದು ಕೋಡಿ ಬಿದ್ದದ್ದನ್ನು ನಾನು ಮೊದಲು ನೋಡಿದ್ದು 2021ರ ನವೆಂಬರಿನ ಮಳೆಯಲ್ಲಿ. ಊರಿನವರೆಲ್ಲ ಏರಿಯ ಮೇಲೆ ಸೇರಿ ಗಂಗಮ್ಮನಿಗೆ ಬಾಗಿನ ಕೊಟ್ಟರು. ಕೋಲಾರ ತಾಲ್ಲೂಕಿನ ಕಥೆ ಬೇರೆ. ಅಲ್ಲಿ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಪಂಪು ಮಾಡಿ, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುವ ಯೋಜನೆ ಇದು. ಉದ್ದೇಶಿಸಿದ ಪ್ರಮಾಣ ದಿನಕ್ಕೆ 440 ದಶಲಕ್ಷ ಲೀಟರು. 2018ರ ಜುಲೈಯಲ್ಲಿ ನೊರೆ ಕಾಣಿಸಿಕೊಂಡು, ಪ್ರಕರಣ ಉಚ್ಚ ನ್ಯಾಯಾಲಯಕ್ಕೂ 2019ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಕಡೆಗೆ ಯೋಜನೆ ಮುಂದುವರಿಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂಬ ಬೇಡಿಕೆ ನ್ಯಾಯವಾದದ್ದೆಂದು ನನಗೆ ಅನ್ನಿಸುತ್ತದೆ. ಆದರೆ ನೀರು ಬಂದ ಊರುಗಳಲ್ಲಿ ಕೊಳವೆಬಾವಿಗಳು ಮರುಜೀವ ಪಡೆದದ್ದನ್ನು ಕಂಡ ರೈತರ ಸಂತೋಷವನ್ನು ಅಲ್ಲಗಳೆಯುವುದಕ್ಕೆ ನನ್ನಿಂದಾಗದು. ನಾನೂ ರೈತನ ಮಗನೇ.

ನಾನು ನೋಟು ಪುಸ್ತಕ ಇಟ್ಟದ್ದು ಎರಡು ಕೆರೆಗಳಿಗೆ: ಮಳೆಯನ್ನೇ ನಂಬಿದ ನಮ್ಮೂರ ಕೆರೆ, ಮತ್ತು ನರಸಾಪುರದ ಕಡೆ ಪಂಪಿನ ನೀರು ಬರುವ ಒಂದು ಕೆರೆ. ಎರಡನೆಯದು ಯಾವ ತಿಂಗಳು ಹೋದರೂ ತುಂಬಿರುತ್ತದೆ. ಅಲ್ಲಿ ನಾಮದಕೋಳಿ, ನೀರುಕಾಗೆ, ಜಂಬುಕೋಳಿಗಳು ಸಮೃದ್ಧಿ. ಹೆಜ್ಜಾರ್ಲೆಗಳೂ ಬಂದು ತೇಲುತ್ತವೆ. ಬೆಂಗಳೂರಿನಿಂದ ಬಂದವರು ಆ ದೃಶ್ಯ ನೋಡಿ ಮೆಚ್ಚಿಕೊಳ್ಳುವುದು ಸಹಜ. ಆದರೆ ನನ್ನ ಪುಸ್ತಕದ ಕೆಸರು ಎಂಬ ಅಂಕಣ ಅಲ್ಲಿ ಬಹುತೇಕ ಖಾಲಿ. ನೀರು ಒಂದೇ ಮಟ್ಟದಲ್ಲಿ ನಿಂತಿರುವುದರಿಂದ ಅಂಚು ಸರಿಯುವುದಿಲ್ಲ. ಅಂಚು ಸರಿಯದ ಕಡೆ ಹೊಸ ಕೆಸರು ಹುಟ್ಟುವುದಿಲ್ಲ. ನಮ್ಮೂರ ಕೆರೆಯಲ್ಲಿ ಇದಕ್ಕೆ ತದ್ವಿರುದ್ಧ. ಡಿಸೆಂಬರಿನಿಂದ ನೀರು ದಿನದಿನಕ್ಕೆ ಇಳಿಯುತ್ತ, ಅಂಚು ತೂಬಿನ ಕಡೆ ಸರಿಯುತ್ತ, ಪ್ರತಿ ವಾರವೂ ಒಂದು ಪಟ್ಟಿಯಷ್ಟು ಹೊಸ ಕೆಸರು ತೆರೆಯುತ್ತದೆ. ಗೊರವಗಳೂ ಮೆಟ್ಟುಗಾಲು ಹಕ್ಕಿಗಳೂ ಅದರ ಹಿಂದೆಯೇ ಸರಿದು ಬರುತ್ತವೆ. 2023ರಲ್ಲಿ ಮಳೆ ಕೈಕೊಟ್ಟು ಬರ ಬಂದಾಗ ಮುಂದಿನ ಮಾರ್ಚಿನೊಳಗೆ ಕೆರೆ ಪೂರ್ತಿ ಬತ್ತಿತು. ಹಕ್ಕಿಯೂ ಇಲ್ಲ, ದನಕ್ಕೆ ನೀರೂ ಇಲ್ಲ. ಆದ್ದರಿಂದ ಬತ್ತುವ ಕೆರೆಯೇ ಒಳ್ಳೆಯದೆಂದು ವಾದಿಸುವಷ್ಟು ಮೂಢನಲ್ಲ ನಾನು. ಎರಡು ಕೆರೆ, ಮೂರು ವರ್ಷ. ಇಷ್ಟರಿಂದ ಸಿದ್ಧಾಂತವನ್ನು ಕಟ್ಟಲೂ ಆಗದು. ಆದರೆ ನೀರಗಂಟಿ ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿದ್ದಾಗ ಕೆರೆ ತುಂಬುವುದು, ಇಳಿಯುವುದು ಎರಡೂ ನಡೆಯುತ್ತಿದ್ದವು. ಆ ಏರಿಳಿತದಲ್ಲಿ ರೈತನಿಗೂ ಪಾಲಿತ್ತು, ಉತ್ತರದಿಂದ ಬಂದ ಹಕ್ಕಿಗೂ ಪಾಲಿತ್ತು.

ಇನ್ನೂ ಹೆಚ್ಚು ಯೋಚಿಸಬೇಕಾದದ್ದು ಹೂಳೆತ್ತುವ ರೀತಿ. ಹೂಳೆತ್ತುವುದು ಬೇಕಾದ ಕೆಲಸವೇ. ಆದರೆ ಜೆ.ಸಿ.ಬಿ. ಇಳಿಸಿ ಅಂಗಳದ ಇಳಿಜಾರನ್ನೆಲ್ಲ ಕೊಯ್ದು, ನಾಲ್ಕೂ ಕಡೆ ಗೋಡೆಯಂತೆ ನೆಟ್ಟಗೆ ಮಾಡಿ, ಮೇಲೆ ಸುತ್ತಲೂ ಓಡಾಡುವ ಹಾದಿ ಹಾಕಿದರೆ ಕೆರೆ ಹೋಗಿ ದೊಡ್ಡ ಬಾವಿಯಾಗುತ್ತದೆ. ನೀರು ಮೊದಲಿಗಿಂತ ಹೆಚ್ಚೇ ನಿಲ್ಲಬಹುದು. ಗುಳುಮುಳುಕ ಬದುಕುತ್ತದೆ, ನೀರುಕಾಗೆ ಬದುಕುತ್ತದೆ. ಗೇಣುದ್ದದ ಕಾಲಿನದಕ್ಕೆ ನಿಲ್ಲಲು ಜಾಗವಿಲ್ಲ. ಹೆಬ್ಬೆರಳುದ್ದದ ಕಾಲಿನದರ ಮಾತೇ ಬೇಡ. ನೀರು ಕುಡಿಯಲು ಇಳಿಯುವ ಕುರಿ ದನಗಳಿಗೂ ಇದೇ ಕಷ್ಟ. ಈಜು ಬಾರದ ಹುಡುಗರಿಗೆ ಅಪಾಯ ಬೇರೆ. ಮಳೆನೀರು ಬರುವ ಕಡೆಯ ಒಂದು ಭಾಗವನ್ನಾದರೂ ಇಳಿಜಾರಾಗಿಯೇ ಉಳಿಸಿ, ಆಳವನ್ನು ಏರಿಯ ಕಡೆ ಮಾತ್ರ ಮಾಡಿದರೆ ಖರ್ಚೂ ಕಡಿಮೆಯಾದೀತು. ಹಳೆಯ ಕೆರೆಗಳ ರೂಪವೇ ಹಾಗಿತ್ತು. ಹೂಳೆತ್ತುವ ಮುನ್ನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತುವವರು ಬೇಕು. ಎತ್ತಿದಾಗ ಕೈಯಲ್ಲಿ ಲೆಕ್ಕವಿರಬೇಕು.

ಆ ಲೆಕ್ಕವೇ ನಮ್ಮಲ್ಲಿ ಇಲ್ಲ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರಲ್ಲಿ ಎಣಿಸುವವರು ನಮ್ಮಂಥ ಸಾಮಾನ್ಯರೇ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಲೆಕ್ಕ ಸಿಕ್ಕಿದ್ದು 338 ಬಗೆಗಳಿಗೆ ಮಾತ್ರ. ಅವುಗಳಲ್ಲಿ ನೂರಕ್ಕೆ 60ರಷ್ಟು ಕಡಿಮೆಯಾಗಿವೆ. ಈ ವರದಿಗೆ ಆಧಾರ ಸಾವಿರಾರು ಹವ್ಯಾಸಿಗಳು ಈಬರ್ಡ್ ಎಂಬ ಅಂತರ್ಜಾಲ ದಾಖಲೆಗೆ ಸೇರಿಸಿದ ಪಟ್ಟಿಗಳು. ದೊಡ್ಡ ಊರುಗಳ ಸುತ್ತಿನ ಕೆರೆಗಳಿಗೆ ಪಟ್ಟಿಯ ಮೇಲೆ ಪಟ್ಟಿ ಬರುತ್ತದೆ. ನಮ್ಮ ಹಳ್ಳಿಯ ಕೆರೆಗೆ ಹೋಗಿ ಎಣಿಸುವವರು ನಾವಲ್ಲದೆ ಯಾರು?

ಈ ಉದ್ದೇಶದಿಂದ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟು ಪುಸ್ತಕವನ್ನು ಇಡಲಾಗಿದೆ. ಒಬ್ಬೊಬ್ಬರೂ ತಮ್ಮ ಊರಿನ ಒಂದು ಕೆರೆಯನ್ನು ವಹಿಸಿಕೊಂಡು ತಿಂಗಳಿಗೊಂದು ಭಾನುವಾರದ ಬೆಳಿಗ್ಗೆ ಒಂದು ಗಂಟೆ ಎಣಿಸಿ ಬರೆಯಬೇಕು. ಹಕ್ಕಿ ನಿಂತ ಜಾಗದ ಅಂಕಣವನ್ನು ಬಿಡಬಾರದು. ಹೆಸರು ತಿಳಿಯದ ಹಕ್ಕಿಯನ್ನು ಊರಿನಲ್ಲಿ ಏನೆನ್ನುತ್ತಾರೋ ಆ ಹೆಸರಿನಿಂದಲೇ, ಕನ್ನಡವಾಗಲಿ ತೆಲುಗಾಗಲಿ, ಬರೆದರೆ ಆಯಿತು. ಮಿಕ್ಕದ್ದನ್ನು ಕೂಡಿ ನೋಡೋಣ. ಮಾಲೂರಿನಿಂದ ಇಬ್ಬರು ತಂಗಿಯರು, ಕೋಲಾರದಿಂದ ಮೂವರು, ಮುಳಬಾಗಿಲಿನಿಂದ ನಾನೂ ಇನ್ನೊಬ್ಬನೂ ಹೆಸರು ಬರೆಸಿದ್ದೇವೆ. ಶ್ರೀನಿವಾಸಪುರದ ಕಡೆಯಿಂದ ಇನ್ನೂ ಯಾರೂ ಬಂದಿಲ್ಲ. ದುರ್ಬೀನು ಒಂದೇ ಇರುವುದರಿಂದ ಸರದಿಯ ಮೇಲೆ ಕೊಡಲಾಗುವುದು. ಶನಿವಾರ ಮಧ್ಯಾಹ್ನ ಪಡೆದವರು ಸೋಮವಾರ ಬೆಳಿಗ್ಗೆ ಹಿಂದಿರುಗಿಸಬೇಕು.